ಮೂತಿಯ ಭಾರ ಎಪ್ಪತ್ತೈದು ಕಿಲೋ

ಸೈಕಲ್‌ಗಳನ್ನ ಎಲ್ಲಿ ಕಟ್ಟೋದು ಅಂತ ನಾನೂ ನನ್ನ ಗಂಡ ರೂಲೊಫನೂ ಜಗಳ ಶುರು ಮಾಡಿದ್ದು ಮೇ ತಿಂಗಳಲ್ಲಿ. ರಜೆಗೆ ಫ್ರಾನ್ಸಿಗೆ ಹೊರಡಬೇಕಾಗಿದ್ದು ಜುಲೈಯಲ್ಲಿ. ಬೇರೆ ಕಡೆ ಗಂಡ ಹೆಂಡತಿ ದುಡ್ಡಿಗೆ, ಆಸ್ತಿಗೆ, ಅತ್ತೆಗೆ ಕಿತ್ತಾಡ್ತಾರಂತೆ. ನಮ್ಮ ಆಸೆನ್ ಊರಲ್ಲಿ ಬೇಸಿಗೆ ಬಂತು ಅಂದರೆ ಎಲ್ಲ ಮನೆಯಲ್ಲೂ ಜಗಳ ಒಂದೇ, ಕಾರಿನ ಹಿಂದೆ ಎಳೆದುಕೊಂಡು ಹೋಗೋ ಚಕ್ರದ ಮನೆಯಲ್ಲಿ, ಅಂದರೆ ಕ್ಯಾರವಾನಿನಲ್ಲಿ, ಏನನ್ನ ಎಲ್ಲಿಡಬೇಕು ಅನ್ನೋದು. ಬೀದಿಯಲ್ಲಿ ನಡೆದುಕೊಂಡು ಹೋದರೆ ಸಾಕು, ಮನೆಮನೆ ಮುಂದೂ ಒಬ್ಬ ಗಂಡಸು ಕುಕ್ಕರುಗಾಲಲ್ಲಿ ಕೂತು ಏನೋ ಅಳೀತಿರ್ತಾನೆ, ಹಿಂದೆ ಒಬ್ಬ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಿರ್ತಾಳೆ.

ಹಳೇ ಸೈಕಲ್‌ಗಳಿದ್ದಾಗ ಈ ರಗಳೆ ಇರಲಿಲ್ಲ. ಒಂದೊಂದೂ ಹದಿನಾಲ್ಕು ಕಿಲೋ. ಕ್ಯಾರವಾನಿನ ಮೂತಿ, ಅಂದರೆ ಕಾರಿನ ಕೊಕ್ಕೆಗೆ ಕೂರೋ ಮುಂಭಾಗದ ಮೇಲಿರೋ ರ‍್ಯಾಕಿಗೆ ಎತ್ತಿ ಕಟ್ಟಿ, ನಡುವೆ ಒಂದು ಹರಕು ಟವೆಲ್ ತುರುಕಿದರೆ ಫ್ರಾನ್ಸಿನವರೆಗೂ ಚಿಂತೆಯಿಲ್ಲ. ಆದರೆ ಹೋದ ವರ್ಷ ನನ್ನ ಸೊಂಟದ ಕೀಲು ಬದಲಾಯಿಸಿದರು. ಇಪ್ಪತ್ತಾರು ವರ್ಷ ಸೈಕಲ್ ತುಳಿದು ಟಪಾಲು ಹಂಚಿದ ಸೊಂಟ ಅದು, ಪಾಪ, ಅದನ್ನ ಬೈದು ಏನು ಪ್ರಯೋಜನ. ಬ್ಯಾಟರಿ ಸೈಕಲ್ ತಗೊಳ್ಳಿ ಅಂದರು ಡಾಕ್ಟರು. ತಗೊಂಡೆ. "ಅದು ಸೈಕಲ್ಲಲ್ಲ, ಸೋಮಾರಿಗಳ ಮೋಪೆಡ್ಡು" ಅಂತ ರೂಲೊಫ್ ನಕ್ಕ. ಎದುರುಗಾಳಿಯಲ್ಲಿ ಎರಡು ಸಲ ನನ್ನ ಬೆನ್ನು ನೋಡಿದ ಮೇಲೆ ಬಾಯಿ ಮುಚ್ಚಿಕೊಂಡು ಹೋಗಿ ತಾನೂ ಒಂದು ತಂದ. ಈಗ ಒಂದೊಂದೂ ಇಪ್ಪತ್ತೈದು ಕಿಲೋ.

"ಕಾರಿನ ಮೇಲೆ ಕಟ್ಟೋಣ" ಅಂದೆ.

"ಎತ್ತೋರು ಯಾರು, ನಿಮ್ಮಪ್ಪನಾ? ನಮ್ಮಿಬ್ಬರಿಗೂ ಸೇರಿ ನೂರನಲವತ್ತಮೂರು ವರ್ಷ."

"ಹಾಗಾದ್ರೆ ಎಂದಿನ ಹಾಗೆ ಮೂತಿ ಮೇಲೆ."

"ಮೂತಿ ಭಾರ ನೂರು ದಾಟುತ್ತೆ ಕಣೇ. ಕಾರಿನ ಹಿಂಭಾಗ ನೆಲ ನೆಕ್ಕುತ್ತೆ. ಕ್ಯಾರವಾನ್ ಒಳಗೆ ಮಲಗಿಸೋಣ."

"ನನ್ನ ಹೊಸ ಕಾರ್ಪೆಟ್ ಮೇಲಾ? ಚೈನಿನ ಎಣ್ಣೆನಾ? ನಿನ್ನನ್ನೇ ಹೊರಗೆ ಮಲಗಿಸ್ತೀನಿ ಮಗನೇ."

ಕೊನೆಗೆ ಉಳಿದದ್ದು ಕ್ಯಾರವಾನಿನ ಬೆನ್ನು. ಕ್ಯಾರವಾನ್ ಎಳೆಯೋರಿಗೆಲ್ಲ ಗೊತ್ತು, ಹಿಂದೆ ಭಾರ ಹಾಕಿದರೆ ಮುಂದಿನ ಮೂತಿ ಹಗುರಾಗುತ್ತೆ, ಮೂತಿ ಹಗುರಾದರೆ ಗಾಡಿ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತೆ. ಒಮ್ಮೆ ಶುರುವಾದರೆ ಕಾರು, ಕ್ಯಾರವಾನು, ಒಳಗೆ ಕೂತ ಗಂಡ ಹೆಂಡತಿ ಎಲ್ಲ ಒಟ್ಟಿಗೆ ಚರಂಡಿಗೆ. ಇದನ್ನ ನನಗೆ ಹೇಳಿಕೊಟ್ಟವನೇ ರೂಲೊಫ್. ಮೂವತ್ತೆಂಟು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವನು. ಅರ್ಧ ಊರಿಗೆ ಕಾರು ಕಲಿಸಿದವನು. ನನಗೆ ಮಾತ್ರ ಒಂದೇ ಒಂದು ಪಾಠ ಮಾಡಿದ್ದ. ಆ ಪಾಠ ಮುಗಿಯೋದರೊಳಗೆ ನಿಶ್ಚಿತಾರ್ಥವೇ ಮುರಿದುಬೀಳೋದರಲ್ಲಿತ್ತು, ನಾನು ಬೇರೆಯವರ ಹತ್ತಿರ ಕಲಿತೆ.

"ಹಿಂದೆ ಹಾಕಿದ್ರೂ ಚಿಂತೆಯಿಲ್ಲ. ಮುಂದಿನ ಪೆಟ್ಟಿಗೆಗೆ ಸಾಮಾನು ತುಂಬಿ ಸರಿದೂಗಿಸ್ತೀನಿ. ಎಪ್ಪತ್ತೈದಕ್ಕೆ ತಂದು ನಿಲ್ಲಿಸ್ತೀನಿ" ಅಂದ.

ಎಪ್ಪತ್ತೈದು ಕಿಲೋ! ಈ ಮನುಷ್ಯ ಮದುವೆ ದಿನ ಮರೀತಾನೆ, ಇದನ್ನ ಮರೆಯಲ್ಲ. ಕಾರಿನ ಕೊಕ್ಕೆ ಮೇಲೆ ಕ್ಯಾರವಾನಿನ ಮೂತಿ ಅಷ್ಟೇ ಭಾರ ಬಿಡಬೇಕು. ಅದನ್ನ ಅಳೆಯೋಕೆ ಅವನ ಹತ್ತಿರ ಒಂದು ಕೊಳವೆ ಇದೆ. ಒಳಗೆ ಸ್ಪ್ರಿಂಗು, ಹೊರಗೆ ಗೆರೆಗಳು, ಒಂದು ಕೆಂಪು ಬಳೆ. ಮೂತಿಯ ಕೆಳಗೆ ನಿಲ್ಲಿಸಿದರೆ ಬಳೆ ಯಾವ ಗೆರೆಯಲ್ಲಿ ನಿಲ್ಲುತ್ತೋ ಅಷ್ಟು ಭಾರ. ಆಲೂಗಡ್ಡೆ ಚೀಲವನ್ನ ಒಂದು ಗೇಣು ಆಚೆ ಇಟ್ಟು ಅಳೀತಾನೆ, ಈಚೆ ಇಟ್ಟು ಅಳೀತಾನೆ. ಫ್ರಾನ್ಸಿನಲ್ಲಿ ಆಲೂಗಡ್ಡೆ ಬೆಳೆಯಲ್ವಾ ಅಂತ ನೀವು ಕೇಳಬಹುದು. ಬೆಳೆಯುತ್ತೆ, ಆದರೆ ಅವು ನಮ್ಮ ಆಲೂಗಡ್ಡೆಗಳಲ್ಲ.

ಹೊರಡೋ ದಿನ ಬೆಳಿಗ್ಗೆ ಅವನು ಮಂಡಿಯೂರಿ ಆ ಕೊಳವೆಗೆ ಮೂಗು ತಾಗಿಸಿ ತುಂಬಾ ಹೊತ್ತು ಕೂತಿದ್ದ. ತಲೆಯನ್ನ ಆ ಕಡೆ ವಾಲಿಸಿದ, ಈ ಕಡೆ ವಾಲಿಸಿದ. ನಾನು ಥರ್ಮಾಸಿಗೆ ಕಾಫಿ ತುಂಬಿಸ್ತಾ ಕಿಟಕಿಯಿಂದ ಕೂಗಿದೆ. "ಏನು, ಅದರ ಹತ್ತಿರ ಪಾಪ ನಿವೇದನೆ ಮಾಡ್ಕೊಳ್ತಿದ್ದೀಯಾ? ಎಷ್ಟಂತೆ?"

"ಎಪ್ಪತ್ತೈದು" ಅಂದ. ನಾವು ಹೊರಟೆವು.

ದಾರಿಯುದ್ದಕ್ಕೂ ಅವನು ನನಗೆ ಬೋರ್ಡು ಓದಿಸಿದ. "ಮುಂದೆ ಏನು ಬರೆದಿದೆ ಫೆಮ್ಮಿ?" "ಮಾಸ್ಟ್ರಿಕ್ಟ್, ಇಪ್ಪತ್ತೆರಡು ಕಿಲೋಮೀಟರ್." "ಶಭಾಷ್." ಮೇಷ್ಟ್ರ ಚಾಳಿ, ನಿವೃತ್ತಿಯಾದರೂ ಹೋಗಿಲ್ಲ ಅಂದುಕೊಂಡೆ. ಈಚೆಗೆ ಅವನು ಪೇಪರ್ ಓದೋದನ್ನೂ ಬಿಟ್ಟಿದ್ದ. ಬರೀ ಸುಳ್ಳು ಬರೀತಾರೆ ಅಂತಿದ್ದ. ಮಾರ್ಚಿನಲ್ಲಿ ನಮ್ಮದೇ ಗೇಟಿನ ಕಂಬಕ್ಕೆ ಕಾರು ಉಜ್ಜಿ, ಕಂಬ ನೆಟ್ಟವನನ್ನ ಬೈದ. ಕಂಬ ನೆಟ್ಟವನು ಅವನೇ. ಇದೆಲ್ಲ ಒಟ್ಟಿಗಿಟ್ಟು ನೋಡೋ ಬುದ್ಧಿ ನನಗೆ ಬರಲಿಲ್ಲ. ಐವತ್ತು ವರ್ಷ ಪಕ್ಕದಲ್ಲಿ ಮಲಗಿದ ಮನುಷ್ಯನನ್ನ ಯಾರು ನೋಡ್ತಾರೆ ಹೇಳಿ, ಇದ್ದಾನೆ ಅಂತ ಗೊತ್ತಿದ್ದರೆ ಸಾಕು.

ಬೆಲ್ಜಿಯಮ್ಮಿನ ಆರ್ಡೆನ್ ಗುಡ್ಡಗಳ ನಡುವೆ ಒಂದು ಉದ್ದನೆಯ ಇಳಿಜಾರು. ನಾನು ಚೀಸ್ ಇಟ್ಟ ಬ್ರೆಡ್ಡನ್ನ ಬಾಯಿಗಿಟ್ಟಿದ್ದೆ. ಎಡಗಡೆಯಿಂದ ಒಂದು ಟೂರಿಸ್ಟ್ ಬಸ್ಸು ಬಿರ್‍ರನೆ ನಮ್ಮನ್ನ ಹಿಂದೆ ಹಾಕಿ ಹೋಯಿತು. ಅದರ ಗಾಳಿ ಬಡಿದದ್ದೇ ತಡ, ಬೆನ್ನ ಹಿಂದೆ ಯಾರೋ ಕಾರನ್ನ ಹಿಡಿದು ಜಗ್ಗಿದ ಹಾಗಾಯಿತು. ಆಮೇಲೆ ಆ ಕಡೆಯಿಂದ ಜಗ್ಗಿತು. ಕನ್ನಡಿಯಲ್ಲಿ ನೋಡ್ತೀನಿ, ನಮ್ಮ ಕ್ಯಾರವಾನು ಒಮ್ಮೆ ಎಡಗಡೆ ಕಾಣುತ್ತೆ, ಒಮ್ಮೆ ಬಲಗಡೆ ಕಾಣುತ್ತೆ. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೀತಿವೆ.

"ಬ್ರೇಕ್ ಹಾಕೋ!" ಅಂತ ಕಿರುಚಿದೆ.

"ಹಾಕಬಾರದು" ಅಂದ. ಧ್ವನಿ ಎಷ್ಟು ತಣ್ಣಗಿತ್ತು ಅಂದರೆ ನನಗೆ ಅವನ ಕಪಾಳಕ್ಕೆ ಬಾರಿಸೋಣ ಅನ್ನಿಸಿತು. ಸ್ಟೀರಿಂಗನ್ನ ನೆಟ್ಟಗೆ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು ಕೂತ. ಗಾಡಿ ಇನ್ನೂ ನಾಲ್ಕು ಸಲ ಬಾಲ ಬೀಸಿತು, ಆಮೇಲೆ ಮೂರು, ಆಮೇಲೆ ಸುಮ್ಮನಾಯಿತು. ಬೇರೆ ಯಾರೇ ಆಗಿದ್ದರೂ ನಾವಿಬ್ಬರೂ ಅಲ್ಲೇ ಮುಗಿದಿರ್ತಿದ್ದೆವು. ಇದನ್ನ ನಾನು ದೇವರಾಣೆಗೂ ಹೇಳ್ತೀನಿ.

ಮುಂದಿನ ತಂಗುದಾಣದಲ್ಲಿ ನಿಲ್ಲಿಸಿದ. ನನ್ನ ಬಾಯಲ್ಲಿ ಬ್ರೆಡ್ಡು ಹಾಗೇ ಇತ್ತು. ಉಗಿದು ಕೆಳಗಿಳಿದೆ. ಕ್ಯಾರವಾನನ್ನ ಕಾರಿನಿಂದ ಬಿಡಿಸಿ, ಆ ಕೊಳವೆ ತಂದು ನಾನೇ ಮೂತಿಯ ಕೆಳಗಿಟ್ಟೆ. ಕೆಂಪು ಬಳೆ ಮೇಲೇ ನಿಂತುಬಿಟ್ಟಿತ್ತು. ಹದಿನೆಂಟು ಕಿಲೋ.

"ಎಷ್ಟಿದೆ?" ಅಂದ ರೂಲೊಫ್.

"ನೀನೇ ನೋಡು."

ಅವನು ಮಂಡಿಯೂರಿದ. ಮತ್ತೆ ಅದೇ ಥರ ತಲೆ ಆ ಕಡೆ, ಈ ಕಡೆ. ನಾನು ಅವನ ಮುಖವನ್ನೇ ನೋಡ್ತಾ ನಿಂತೆ. ಅವನು ಕೊಳವೆಯನ್ನಲ್ಲ, ಕೊಳವೆಯ ಪಕ್ಕದ ಗಾಳಿಯನ್ನ ನೋಡ್ತಿದ್ದ.

"ರೂಲೊಫ್, ನಿನಗೆ ಕಾಣಲ್ಲ."

"ಬಿಸಿಲಿಗೆ..."

"ಬಿಸಿಲೆಲ್ಲಿದೆಯೋ, ಬರೀ ಬೊಗಳೆ! ಮೋಡ ಕವಿದಿದೆ!"

ಅವನು ಎದ್ದು ಕ್ಯಾರವಾನಿನ ಮೆಟ್ಟಿಲ ಮೇಲೆ ಕೂತ. "ಅಂಚು ಕಾಣುತ್ತೆ" ಅಂದ. "ನಡುವೆ ಮಂಜು. ಯಾವುದನ್ನ ನೋಡ್ತೀನೋ ಅದೇ ಮಾಯ ಆಗುತ್ತೆ. ಈಗ ನಿನ್ನ ಕಿವಿ ಕಾಣ್ತಿದೆ, ಕೂದಲು ಕಾಣ್ತಿದೆ. ಮುಖ ಇಲ್ಲ."

"ಯಾವಾಗಿಂದ?"

"ಕ್ರಿಸ್‌ಮಸ್‌ನಿಂದ. ಬುಧವಾರ ಹಾಡಿನ ಕ್ಲಾಸಿಗೆ ಅಂತ ಹೋಗ್ತಿದ್ನಲ್ಲ, ಅದು ಕಣ್ಣಿನ ಡಾಕ್ಟರ ಹತ್ರ. ವಾಸಿಯಾಗಲ್ವಂತೆ."

"ಕ್ರಿಸ್‌ಮಸ್‌ನಿಂದ ನನ್ನ ಮುಖ ನೋಡಿಲ್ವೇನೋ ನೀನು?"

"ನೆನಪಿದೆ ಕಣೇ" ಅಂದ.

ನಾನು ಅಳಬೇಕಿತ್ತು. ನನಗೆ ಬಂದದ್ದು ಕೋಪ. ಬಾಯಿಗೆ ಬಂದದ್ದೆಲ್ಲ ಬೈದೆ. ಪಕ್ಕದಲ್ಲಿ ನಿಂತಿದ್ದ ಪೋಲಿಷ್ ಲಾರಿ ಡ್ರೈವರು ಊಟ ಬಿಟ್ಟು ಕಿಟಕಿ ಏರಿಸಿಕೊಂಡ. ನಿನಗೆ ಸಾಯೋದಿದ್ರೆ ಒಬ್ಬನೇ ಸಾಯಿ, ನನ್ನ ಹೊಸ ಸೊಂಟಕ್ಕೆ ಇನ್ನೂ ವರ್ಷ ತುಂಬಿಲ್ಲ ಅಂದೆ. ಆ ಬಸ್ಸಿನಲ್ಲಿದ್ದೋರು ನಿನಗೇನು ಮಾಡಿದ್ರು ಅಂದೆ. ಎಪ್ಪತ್ತೈದು ಅಂತ ಯಾಕೆ ಹೇಳಿದೆ ಅಂತ ಕೇಳಿದಾಗ ಮಾತ್ರ ಬಾಯಿಬಿಟ್ಟ. "ಯಾವತ್ತೂ ಎಪ್ಪತ್ತೈದೇ ಇರ್ತಿತ್ತಲ್ಲ. ಕಾಣ್ತಿಲ್ಲ ಅಂತ ನಿನ್ನ ಕರೆದ್ರೆ, ಅದೇ ಕೊನೆ. ಕೀಲಿಕೈ ಕಿತ್ಕೊಳ್ತಿದ್ದೆ ನೀನು. ಡ್ರೈವರ್ ಅಲ್ಲ ಅಂದ್ರೆ ನಾನು ಯಾರು ಫೆಮ್ಮಿ?"

ನಾನು ಕೆಲಸ ಶುರು ಮಾಡಿದೆ. ಬೆನ್ನ ಮೇಲಿನ ಸೈಕಲ್‌ಗಳನ್ನ ಬಿಚ್ಚಿದೆವು, ಬ್ಯಾಟರಿ ಕಳಚಿದೆವು, ಒಂದೊಂದನ್ನೇ ಇಬ್ಬರೂ ಹಿಡಿದು ಕ್ಯಾರವಾನ್ ಒಳಗೆ ತಂದು ಚಕ್ರದ ನೇರಕ್ಕೆ ನೆಲದ ಮೇಲೆ ಮಲಗಿಸಿದೆವು. ಹೌದು, ಹೊಸ ಕಾರ್ಪೆಟ್ ಮೇಲೇ. ರೂಲೊಫ್ ಚೈನಿನ ಕೆಳಗೆ ಟವೆಲ್ ಹಾಕೋಕೆ ತಡಕಾಡ್ತಿದ್ದ. "ಬಿಡೋ, ಹಾಳಾಗಿ ಹೋಗ್ಲಿ" ಅಂದೆ. ಆಮೇಲೆ ಆಲೂಗಡ್ಡೆ ಎತ್ತಿಟ್ಟೆ, ಬಿಯರ್ ಪೆಟ್ಟಿಗೆ ಸರಿಸಿದೆ. ಪ್ರತಿ ಸಲ ನಾನು ಗೆರೆ ಓದಿದೆ, ಅವನು ಯಾವುದನ್ನ ಎಷ್ಟು ಸರಿಸಬೇಕು ಅಂತ ಹೇಳಿದ. ಆರನೇ ಸಲಕ್ಕೆ ನಿಜವಾದ ಎಪ್ಪತ್ತೈದು ಬಂತು. ಕೀಲಿಕೈಗೆ ಕೈ ಚಾಚಿದೆ. ಅವನು ಅದನ್ನ ನನ್ನ ಅಂಗೈ ಮೇಲಿಟ್ಟು, ಬೆರಳು ಬಿಡೋಕೆ ಸ್ವಲ್ಪ ಹೊತ್ತು ತಗೊಂಡ.

ನಾನು ಜನ್ಮದಲ್ಲಿ ಕ್ಯಾರವಾನ್ ಎಳೆದವಳಲ್ಲ. ನನ್ನದು ಪುಟಾಣಿ ಕಾರು, ಅಂಗಡಿಗೆ ಹೋಗಿ ಬರೋಕೆ. ಮೊದಲ ಐವತ್ತು ಕಿಲೋಮೀಟರ್ ನನಗೆ ಗೊತ್ತಿದ್ದ ಪ್ರಾರ್ಥನೆಯೆಲ್ಲ ಹೇಳಿದೆ. ನಂಬಿಕೆ ಬಿಟ್ಟು ನಲವತ್ತು ವರ್ಷವಾಗಿದೆ, ಆದರೂ ನಾಲಿಗೆಯ ಮೇಲಿತ್ತು. ಪಕ್ಕದಲ್ಲಿ ರೂಲೊಫ್, ತನ್ನ ಕಾಲ ಕೆಳಗೆ ಇಲ್ಲದ ಬ್ರೇಕನ್ನ ತುಳೀತಿದ್ದ.

"ಕನ್ನಡಿ" ಅಂದ.

"ನೋಡಿದೆ."

"ತಿರುವಿನಲ್ಲಿ ಅಗಲವಾಗಿ ತಗೋ. ಕನ್ನಡಿ."

"ಇನ್ನೊಂದು ಸಲ ಕನ್ನಡಿ ಅಂದ್ರೆ ಅದನ್ನ ಕಿತ್ತು ನಿನ್ನ ಬಾಯಿಗೆ ತುರುಕ್ತೀನಿ."

"ಚೆನ್ನಾಗಿ ಓಡಿಸ್ತಿದ್ದೀಯ ಕಣೇ" ಅಂದ. ಐವತ್ತು ವರ್ಷದಲ್ಲಿ ಮೊದಲ ಸಲ ಆ ಮಾತು. ಆಮೇಲೆ ಲಕ್ಸಂಬರ್ಗ್‌ವರೆಗೂ ಅವನು ಹೇಳೋ ಮೊದಲೇ ನಾನು ಕನ್ನಡಿ ನೋಡಿದೆ.

ಎರಡನೇ ದಿನ ಮಧ್ಯಾಹ್ನ ಜುರಾ ಬೆಟ್ಟಗಳ ಒಳಗೆ ಬಂದೆವು. ನಾವು ಪ್ರತಿ ವರ್ಷ ಹೋಗೋದು ಅಲ್ಲಿನ ಕೆರೆ ದಂಡೆಯಲ್ಲಿ ಕ್ಯಾರವಾನು ನಿಲ್ಲಿಸಿಕೊಂಡು ಇರೋ ಕ್ಯಾಂಪಿಂಗಿಗೆ. ಹೆಸರಿಗೆ ಫ್ರಾನ್ಸು, ಜನ ಎಲ್ಲ ನಮ್ಮ ಕಡೆಯವರೇ. ಅದರಲ್ಲೂ ಕಾಲುಭಾಗ ಜನ ರೂಲೊಫನ ಹತ್ತಿರ ಕಾರು ಕಲಿತವರು. ಅಲ್ಲಿ ಸಂಜೆ ನಾಲ್ಕು ಗಂಟೆಗೆ ಎಲ್ಲರೂ ಮಡಚುಕುರ್ಚಿ ಹಾಕಿಕೊಂಡು ಕಾಫಿ ಹಿಡಿದು ಕೂರ್ತಾರೆ, ಹೊಸದಾಗಿ ಬಂದವರು ಕ್ಯಾರವಾನನ್ನ ರಿವರ್ಸಿನಲ್ಲಿ ತಮ್ಮ ಜಾಗಕ್ಕೆ ಹಾಕೋದನ್ನ ನೋಡೋಕೆ. ಪುಕ್ಕಟೆ ಮನರಂಜನೆ. ಎಷ್ಟೋ ದಾಂಪತ್ಯ ಆ ಹುಲ್ಲಿನ ಮೇಲೆ ಮುರಿದಿದ್ದನ್ನ ನಾನೇ ಬಿಸ್ಕತ್ ತಿನ್ನುತ್ತಾ ನೋಡಿದ್ದೀನಿ. ರೂಲೊಫ್ ಮಾತ್ರ ಪ್ರತಿ ವರ್ಷ ಒಂದೇ ಸಲಕ್ಕೆ ಹಾಕ್ತಿದ್ದ. ಜನ ಚಪ್ಪಾಳೆ ಹೊಡೀತಿದ್ದರು.

ಊರ ಬೇಕರಿ ಹತ್ತಿರ ಬಂದಾಗ ಅವನು ನನ್ನ ತೋಳು ಮುಟ್ಟಿದ. "ಫೆಮ್ಮಿ, ಇಲ್ಲಿ ನಿಲ್ಲಿಸು. ಇನ್ನೊಂದೇ ಕಿಲೋಮೀಟರ್. ನಂಗೆ ಕೊಡು."

"ಹುಚ್ಚು ಹಿಡಿದಿದೆಯಾ?"

"ಈ ದಾರಿ ಕಣ್ಣು ಮುಚ್ಚಿದ್ರೂ ಗೊತ್ತು. ನಡೆಯೋ ವೇಗದಲ್ಲಿ ಹೋಗ್ತೀನಿ. ಅವರೆಲ್ಲ ನೋಡ್ತಿರ್ತಾರೆ ಕಣೇ. ಇದೊಂದು ಸಲ ನಾನು ಓಡಿಸ್ಕೊಂಡು ಒಳಗೆ ಹೋಗ್ತೀನಿ, ಆಮೇಲೆ ಜನ್ಮದಲ್ಲಿ ಕೇಳಲ್ಲ."

ಅವನು ಬೇಡಿಕೊಳ್ಳೋದನ್ನ ನಾನು ಯಾವತ್ತೂ ಕೇಳಿರಲಿಲ್ಲ. ನನಗೆ ಕೊಟ್ಟುಬಿಡೋಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಕ್ಯಾಂಪಿಂಗಿನ ದಾರಿಯಲ್ಲಿ ಚಡ್ಡಿ ಹಾಕಿಕೊಂಡ ಮಕ್ಕಳು ದಿನವಿಡೀ ಅಡ್ಡಾದಿಡ್ಡಿ ಓಡಾಡ್ತಾರೆ. ಅದೂ ಗೊತ್ತಿತ್ತು. ಗಾಡಿ ನಿಲ್ಲಿಸಿ ಕೆಳಗಿಳಿದೆ. ಅವನೂ ಇಳಿದು, ಬಾನೆಟ್ ಸವರಿಕೊಂಡು ಈ ಕಡೆ ಬಂದ. ಅವನು ಎಲ್ಲ ಶಿಷ್ಯರನ್ನೂ ಮೊದಲ ದಿನ ಬೀದಿಯಲ್ಲಿ ನಿಲ್ಲಿಸಿ ಒಂದು ನಂಬರ್ ಪ್ಲೇಟ್ ಓದಿಸ್ತಿದ್ದ. ಓದದೇ ಇದ್ದವರಿಗೆ ಕನ್ನಡಕ ತಗೊಂಡು ಬಾ ಅಂತ ಮನೆಗೆ ಕಳಿಸ್ತಿದ್ದ, ಅವರು ಯಾರ ಮಕ್ಕಳೇ ಆಗಿರಲಿ.

"ಬೇಕರಿ ಮುಂದೆ ಬಿಳಿ ವ್ಯಾನು ನಿಂತಿದೆಯಲ್ಲ" ಅಂದೆ. "ಅದರ ನಂಬರ್ ಓದು. ಓದಿದ್ರೆ ಕೀಲಿಕೈ ನಿಂದು."

ರೂಲೊಫ್ ನೆಟ್ಟಗೆ ನಿಂತು ನೋಡಿದ. ತಲೆ ಸ್ವಲ್ಪ ವಾಲಿಸಿದ.

"ಯಾವ ವ್ಯಾನು?" ಅಂದ.

ಅವನಿಗೇ ತನ್ನ ಮಾತು ಕೇಳಿಸಿತು. ನನ್ನ ಮುಖ ಇರಬೇಕಾದ ಕಡೆ ಒಮ್ಮೆ ನೋಡಿ, ಬಾನೆಟ್ ಸವರಿಕೊಂಡು ವಾಪಸ್ ಹೋಗಿ ತನ್ನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ. ನಾನು ಒಳಗೆ ಕೂತು ಅಂದೆ, "ನಿನಗೆ ಬೆನ್ನು ಹಿಡ್ಕೊಂಡಿದೆ ಅಂತ ಹೇಳ್ತೀನಿ. ಕೂತ್ಕೊಂಡು ಸುಮ್ನೆ ಮುಲುಗು."

"ಸರಿ" ಅಂದ.

ಕುರ್ಚಿಗಳೆಲ್ಲ ತುಂಬಿದ್ದವು. ಸ್ಟೀರಿಂಗ್ ಹಿಂದೆ ನನ್ನನ್ನ ಕಂಡದ್ದೇ ಇಡೀ ಸಾಲು ಕಪ್ಪು ಕೆಳಗಿಟ್ಟಿತು. ಎದ್ದು ಬಂದವನು ಎಗ್ಬರ್ಟ್, ಇಟ್ಟಿಗೆ ವ್ಯಾಪಾರದವನು, ರೂಲೊಫನ ಶಿಷ್ಯರಲ್ಲೇ ನಾಲ್ಕು ಸಲ ಫೇಲಾದ ಮಹಾನುಭಾವ. ಕಿಟಕಿಯೊಳಗೆ ತಲೆ ತೂರಿಸಿ ನಕ್ಕ. "ಇದೇನು ಮೇಷ್ಟ್ರೇ, ಮೇಡಂ ಅವರು ನಿಮ್ಮನ್ನ ಕಿಡ್ನಾಪ್ ಮಾಡ್ಕೊಂಡು ಬಂದ್ರಾ?"

"ಬೆನ್ನು ಹಿಡ್ಕೊಂಡಿದೆ ಅವನಿಗೆ" ಅಂದೆ.

"ಅಯ್ಯೋ ಪಾಪ. ಇಳೀರಿ ಮೇಡಂ, ಹೆಂಗಸರ ಕೈಲಿ ಇದೆಲ್ಲ ಆಗಲ್ಲ. ನಾನು ಹಾಕಿಕೊಡ್ತೀನಿ." ಅಂದವನೇ ನನ್ನ ಬಾಗಿಲಿಗೆ ಕೈ ಹಾಕಿದ.

ಆಗ ರೂಲೊಫ್ ತನ್ನ ಕಡೆಯ ಬಾಗಿಲು ತೆರೆದು ಕೆಳಗಿಳಿದ. ಮುಲುಗಲಿಲ್ಲ. ಕಾರಿನ ಮೇಲೆ ಒಂದು ಕೈಯಿಟ್ಟು, ಕ್ಲಾಸಿನಲ್ಲಿ ಮಾತಾಡ್ತಿದ್ದ ಧ್ವನಿಯಲ್ಲಿ, ಕೊನೆಯ ಕುರ್ಚಿಗೂ ಕೇಳೋ ಹಾಗೆ ಹೇಳಿದ.

"ನನ್ನ ಬೆನ್ನು ಚೆನ್ನಾಗಿದೆ. ಕಣ್ಣು ಹೋಗಿದೆ. ಇನ್ನು ಮೇಲೆ ನಾನು ಕಾರು ಓಡಿಸಲ್ಲ. ಎಗ್ಬರ್ಟ್, ಬಾಗಿಲು ಬಿಡು. ಆರ್ಡೆನ್‌ನಿಂದ ಇಲ್ಲಿವರೆಗೂ ಎಳ್ಕೊಂಡು ಬಂದವಳು ಅವಳು, ನೀನು ನಾಲ್ಕು ಸಲ ಫೇಲಾದವನು. ಅವಳೇ ಹಾಕ್ತಾಳೆ."

ಎಗ್ಬರ್ಟ್ ಬಾಗಿಲಿನಿಂದ ಕೈ ತೆಗೆದ. ರೂಲೊಫ್ ಕಾರನ್ನ ಸವರುತ್ತಾ, ಕ್ಯಾರವಾನನ್ನ ಸವರುತ್ತಾ ಹಿಂದಕ್ಕೆ ಹೋಗಿ ಹುಲ್ಲಿನ ಅಂಚಿನಲ್ಲಿ ನಿಂತು ಕೈ ಎತ್ತಿದ. ತಾನು ಎಲ್ಲಿ ನಿಂತಿದ್ದೀನಿ ಅಂತ ನನಗೆ ಗೊತ್ತಾಗಲಿ ಅಂತ.

ನಾನು ರಿವರ್ಸ್ ಗೇರ್ ಹಾಕಿದೆ. ಕನ್ನಡಿ ನೋಡಿದೆ. ಕನ್ನಡಿಯಲ್ಲಿ ಅವನೂ ಇಲ್ಲ, ಕ್ಯಾರವಾನೂ ಇಲ್ಲ, ಬರೀ ನನ್ನ ಕಣ್ಣ ನೀರು. ಎರಡು ದಿನದಿಂದ ತಡೆದಿಟ್ಟುಕೊಂಡಿದ್ದೆಲ್ಲ ಈಗಲೇ ಬರಬೇಕಾ, ಹಾಳಾದ್ದು! ಬ್ರೇಕ್ ಒತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ.

"ಎಲ್ಲ ಪಕ್ಕಕ್ಕೆ ಸರೀರಿ! ನಂಗೆ ಏನೂ ಕಾಣ್ತಿಲ್ಲ!"

"ನಿಂಗೂನಾ?" ಅಂದ ರೂಲೊಫ್ ಹಿಂದಿನಿಂದ.

ಮೊದಲು ನಕ್ಕವಳು ನಾನೇ. ಆಮೇಲೆ ಅವನು ನಕ್ಕ. ನಾನು ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡು, ಇಂಜಿನ್ ಆರಿಸಿ, ಅವನು ನಿಂತಿದ್ದ ಕಡೆಗೆ ನಡೆದುಕೊಂಡು ಹೋದೆ.